ವರ್ತುಲಕ್ಕೆ ಬೆನ್ನಿಲ್ಲ

ಮಳೆಗಾಲದ ತಿರುಗಾಟಕ್ಕೆಂದು ಮುಂಬಯಿಗೆ ಬರುವ ಯಕ್ಷಗಾನ ಕಲಾವಿದರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಬಯಲಿನಲ್ಲಿ ಇರುಳಿಡೀ ನಡೆಯುವ ಆಟವನ್ನು ಠಾಣೆಯದೋ ಡೊಂಬಿವಲಿಯದೋ ಸಭಾಂಗಣದಲ್ಲಿ ಮೂರು ಗಂಟೆಗೆ ಇಳಿಸಬೇಕು. ಕಡೆಯ ಲೋಕಲ್ ತಪ್ಪೀತೆಂದು ಪ್ರೇಕ್ಷಕ ಗಡಿಯಾರ ನೋಡುತ್ತಿರುತ್ತಾನೆ. ಇದೇ ಉಪನಗರಗಳ ಹುಡುಗರು ಹಿಪ್‌ಹಾಪ್ ಎಂಬ ಬೀದಿ ಕುಣಿತವನ್ನು ವೇದಿಕೆ ಹತ್ತಿಸಿದ ಕತೆಯೂ ಅದೇ ಜಾಡಿನದು.

ಆ ಕುಣಿತ ಹುಟ್ಟಿದ್ದು ಪಾರ್ಟಿಗಳಲ್ಲಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ವಸತಿ ಕಟ್ಟಡವೊಂದರಲ್ಲಿ ತಂಗಿ ಏರ್ಪಡಿಸಿದ್ದ ಕೂಟಕ್ಕೆ ಡಿಜೆ ಕೂಲ್ ಹರ್ಕ್ ರೆಕಾರ್ಡು ಹಾಕಿದ. ಹಾಡು ನಿಂತು ಬರೀ ಡ್ರಮ್ಮು ಮೊಳಗುವ ತುಣುಕಿಗೇ ಹುಡುಗರು ಕಾದಿರುತ್ತಾರೆಂದು ಅರಿತವನು ಅವನು. ಒಂದೇ ಹಾಡಿನ ಎರಡು ರೆಕಾರ್ಡು ಇಟ್ಟುಕೊಂಡು ಆ ತುಣುಕನ್ನು ಬೇಕಾದಷ್ಟು ಎಳೆಯುವ ಉಪಾಯ ಹೂಡಿದ. ಆ ತುಣುಕೇ ‘ಬ್ರೇಕ್’. ಅದಕ್ಕೆ ಕುಣಿಯುವ ‘ಬ್ರೇಕಿಂಗ್’ ಬೀದಿಗಿಳಿದಾಗ ನೆಲಕ್ಕೆ ರಟ್ಟು ಹಾಸಿಕೊಂಡರು. ಸುತ್ತ ಜನ, ನಡುವೆ ಒಬ್ಬ. ಅವನು ಮುಗಿಸಿದೊಡನೆ ಎದುರಾಳಿಯ ಉತ್ತರ. ನಮ್ಮ ಹರದೇಶಿ–ನಾಗೇಶಿ ಹಾಡುಗಾರರ ಸವಾಲು–ಜವಾಬಿನಂತೆಯೇ, ಬಾಯಿಯ ಬದಲು ಮೈಯಲ್ಲಿ.

1981ರಲ್ಲಿ ರಾಕ್ ಸ್ಟೆಡಿ ಕ್ರೂ ಮತ್ತು ಡೈನಮಿಕ್ ರಾಕರ್ಸ್ ತಂಡಗಳು ಲಿಂಕನ್ ಸೆಂಟರ್ ಎಂಬ ಕಲಾಕೇಂದ್ರದ ಅಂಗಳದಲ್ಲಿ ಸೆಣಸಿದವು. ಅಂಗಳದಲ್ಲಿ, ಒಳಗಲ್ಲ. ಈ ಕುಣಿತವನ್ನು ರಂಗಮಂದಿರದ ಒಳಕ್ಕೆ ಕರೆದೊಯ್ದವರಲ್ಲಿ ಮುಖ್ಯನಾದವನು ಫಿಲಡೆಲ್ಫಿಯಾದ ರೆನಿ ಹ್ಯಾರಿಸ್. 1992ರಲ್ಲಿ ತಂಡ ಕಟ್ಟಿ, 2000ದಲ್ಲಿ ಶೇಕ್ಸ್‌ಪಿಯರನ ರೋಮಿಯೋ–ಜೂಲಿಯೆಟ್ ಕತೆಯನ್ನೇ ಈ ಕುಣಿತಕ್ಕೆ ಒಗ್ಗಿಸಿದ. 2004ರಿಂದ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ಇದಕ್ಕೇ ಒಂದು ಉತ್ಸವ.

ತೊಡಕು ಇರುವುದು ದಿಕ್ಕಿನಲ್ಲಿ. ವರ್ತುಲದೊಳಗಿನವನಿಗೆ ಬೆನ್ನೆಂಬುದಿಲ್ಲ, ತಿರುಗಿದ ಕಡೆಯೇ ಎದುರು. ವೇದಿಕೆಯಲ್ಲಿ ಎದುರು ಒಂದೇ. ಹತ್ತಿಪ್ಪತ್ತು ಜನ ಸಾಲು ಕಟ್ಟಬೇಕು, ಒಂದೇ ಎಣಿಕೆಗೆ ಕೈಯೆತ್ತಬೇಕು. ಆಗ ಜವಾಬು ಕೊಡಲು ಎದುರಾಳಿಯೇ ಇರುವುದಿಲ್ಲ.

ನಮ್ಮಲ್ಲಿ ಆ ವೇದಿಕೆಯನ್ನು ಕೊಟ್ಟದ್ದು ರಂಗಮಂದಿರಕ್ಕಿಂತ ಹೆಚ್ಚಾಗಿ ಟೀವಿ.  ಸುರೇಶ್ ಮುಕುಂದ್ ಅವರ ಕಿಂಗ್ಸ್ ಯುನೈಟೆಡ್ ಇದೇ ಉಪನಗರಗಳ ಸಾಲಿನ ವಸಯಿ–ನಾಲಾಸೋಪಾರಾ ಭಾಗದ ತಂಡ. ಫಿಲಿಪ್ಪೀನ್ಸ್ ತಂಡವೊಂದರ ನೃತ್ಯವನ್ನು ನಕಲು ಮಾಡಿದರೆಂಬ ಆರೋಪ ಹೊತ್ತವರು 2015ರಲ್ಲಿ ಸ್ಯಾನ್ ಡಿಯಾಗೋದ ವಿಶ್ವ ಹಿಪ್‌ಹಾಪ್ ಸ್ಪರ್ಧೆಯಲ್ಲಿ ಕಂಚು ತಂದರು. ಅದೇ ವರ್ಷ ಅವರ ಕತೆ ‘ಎಬಿಸಿಡಿ 2’ ಸಿನಿಮಾ ಆಯಿತು. 2019ರಲ್ಲಿ ಅಮೆರಿಕದ ‘ವರ್ಲ್ಡ್ ಆಫ್ ಡಾನ್ಸ್’ ಗೆದ್ದು ಹತ್ತು ಲಕ್ಷ ಡಾಲರ್ ಬಹುಮಾನ ಪಡೆದರು. ಮರುವರ್ಷ ಭಾಯಂದರ್ ಕಡೆಯ ವಿ ಅನ್‌ಬೀಟಬಲ್ ತಂಡ ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್: ದ ಚಾಂಪಿಯನ್ಸ್’ ಗೆದ್ದಿತು. ಹೆಸರಿನ ಆ ‘ವಿ’, ಅಭ್ಯಾಸದಲ್ಲಿ ಬಿದ್ದು ಮುಂದೆ ತೀರಿಕೊಂಡ ಗೆಳೆಯನ ನೆನಪು.

ಈ ತಂಡಗಳು ಒಬ್ಬನನ್ನು ಗಾಳಿಗೆಸೆದು ಹಿಡಿಯುವುದನ್ನು ನೋಡುವಾಗ ನನಗೆ ಕಾಣುವುದು ಬ್ರಾಂಕ್ಸ್ ಅಲ್ಲ, ಹೆಗಲ ಮೇಲೆ ಹೆಗಲೇರಿ ಮೊಸರುಕುಡಿಕೆ ಒಡೆಯುವ ದಹಿಹಂಡಿ. 2012ರಲ್ಲಿ ಜೈ ಜವಾನ್ ಗೋವಿಂದಾ ತಂಡ ಒಂಬತ್ತು ಹಂತದ ಗೋಪುರ ಕಟ್ಟಿ ದಾಖಲೆ ಬರೆದದ್ದು ಠಾಣೆಯಲ್ಲೇ. ಕೆಳಗಿರುವವನ ಹೆಗಲ ಮೇಲೆ ನಂಬಿಕೆಯಿಟ್ಟು ಹತ್ತುವ ಅಭ್ಯಾಸ ಈ ಮಣ್ಣಿನದೇ ಎಂದು ನನ್ನ ಊಹೆ. 

ಆದರೂ ಒಂದು ಕೊರೆ. ಶಿವರಾಮ ಕಾರಂತರು ಯಕ್ಷಗಾನದ ಮಾತು ತೆಗೆದು ಸ್ಯಾಕ್ಸೊಫೋನ್ ಸೇರಿಸಿದಾಗ, ಹೋದದ್ದೇನೆಂದು ತಿಳಿದೇ ಕತ್ತರಿ ಹಾಕಿದ್ದರು. ಟೀವಿ ವೇದಿಕೆಯ ಹಿಪ್‌ಹಾಪ್ ಆಶುಗುಣವನ್ನು ಬಿಟ್ಟದ್ದು ಹಾಗೆ ಯೋಚಿಸಿ ಅಲ್ಲ. ಎತ್ತರದಿಂದ ಹಾರಿದಾಗ ಬೀಳುವ ಚಪ್ಪಾಳೆಗೆ ಸೋತು.

2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ನಡೆದಾಗ ಎದುರಾಳಿ ಮರಳಿ ಬಂದ, ನೆಲವೂ ದುಂಡಗಿತ್ತು. ಒಂಬತ್ತು ತೀರ್ಪುಗಾರರು ಮಾತ್ರ ಒಂದೇ ಕಡೆ ಸಾಲಾಗಿ ಕೂತಿದ್ದರು.