ತೊಲೆಯಿಂದ ಮಣೆ, ಮಣೆಯಲ್ಲಿ ಮನೆ

ಹೆಬ್ಬೂರು ಸೀಮೆಯಲ್ಲಿ ತೊಟ್ಟಿ ಮನೆ ಬಿಚ್ಚುವಾಗ ಮೊದಲು ಹೆಂಚು ಇಳಿಯುತ್ತದೆ, ಆಮೇಲೆ ರೀಪು, ಜಂತೆ, ಕಡೆಗೆ ತೊಲೆ ಮತ್ತು ಕಂಬ. ಹೊತ್ತು ಮುಳುಗುವುದರೊಳಗೆ ಹಳೇ ಮರ ಕೊಳ್ಳುವವರ ಲಾರಿ ಬಂದು ನಿಂತಿರುತ್ತದೆ. ಆರ್‌ಸಿಸಿ ಮನೆ ಎದ್ದ ಮೇಲೆ ಆ ಮರ ಯಾರ ಪಾಲಾಯಿತೆಂದು ಕೇಳಿದರೆ ಮನೆಯವರಿಗೇ ಗೊತ್ತಿರುವುದಿಲ್ಲ. ಹಾಗೆ ಹೋಗುವ ಮರದಲ್ಲಿ ಮೊಳದುದ್ದದ ತುಂಡನ್ನಾದರೂ ಉಳಿಸಿಕೊಂಡು, ಮಕ್ಕಳು ಮೊಮ್ಮಕ್ಕಳಿಗೆ ನೆನಪಿನ ವಸ್ತು ಮಾಡಿಸುವ ಕಸುಬೊಂದಿದೆ. ನಮ್ಮ ಕಡೆ ಅದು ಬೇರೂರಬೇಕೆಂಬುದು ನನ್ನ ಆಸೆ.

ಹಳೇ ಕಟ್ಟಡದ ಮರ ಊರು ಬಿಟ್ಟು ಹೋಗುವುದು ಹೊಸ ಸಂಗತಿಯೇನಲ್ಲ. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ 1829ರಲ್ಲಿ ಅಡಿಗಲ್ಲು ಬಿತ್ತು. ಅದರ ದೊಡ್ಡ ತೊಲೆ ಶ್ರೀರಂಗಪಟ್ಟಣದ ಟಿಪ್ಪು ಅರಮನೆಯದು. ಆನೆಗಳಿಂದ ಎಳೆಸಿ ಬೆಟ್ಟ ಹತ್ತಿಸಿದರು. ಗೆದ್ದವರು ಕಿತ್ತೊಯ್ದ ಮರ ಅದು, ಆ ನೋವು ಇದ್ದೇ ಇದೆ. ಆದರೂ ಎಲ್ಲಿಂದ ಬಂತೆಂಬ ಮಾತು ಮರದ ಜೊತೆಗೇ ಉಳಿಯಿತು. ಇವತ್ತಿಗೂ ಅಲ್ಲಿ ತಲೆಯೆತ್ತಿ ನೋಡುವವರು ಟಿಪ್ಪು ಹೆಸರು ಹೇಳುತ್ತಾರೆ.

ಅಮೆರಿಕದಲ್ಲಿ ಟ್ರೂಮನ್ ಅಧ್ಯಕ್ಷರಾಗಿದ್ದಾಗ ಶ್ವೇತಭವನದ ಒಳಭಾಗವನ್ನು ಪೂರ್ತಿ ಬಿಚ್ಚಿ, 1952ರ ಹೊತ್ತಿಗೆ ಮತ್ತೆ ಕಟ್ಟಿ ಮುಗಿಸಿದರು. ಕಳಚಿದ ಮರ, ಕಲ್ಲು, ಮೊಳೆಗಳನ್ನು ನೆನಪಿನ ತುಂಡುಗಳಾಗಿ ಜನರಿಗೆ ಕೊಟ್ಟರು. ಸಭೆಯ ಅಧ್ಯಕ್ಷರು ಮೇಜಿಗೆ ಕುಟ್ಟುವ ಸುತ್ತಿಗೆ ಮಾಡಿಕೊಳ್ಳುವಷ್ಟು ಪೈನ್ ಮರ ಒಂದು ಪೊಟ್ಟಣದಲ್ಲಿರುತ್ತಿತ್ತು, ಜೊತೆಗೆ ಎಲ್ಲಿಯದೆಂದು ಸಾರುವ ಪುಟ್ಟ ಲೋಹದ ಫಲಕ. ಆ ಫಲಕ ಕಳೆದುಹೋದರೆ ಉಳಿಯುವುದು ಬರೀ ಪೈನ್ ತುಂಡು.

ನಮ್ಮಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕ್ ನೌಕರಿಯಲ್ಲಿದ್ದ ಅವರು ತುಂಡು ಉಳಿಸುವುದಕ್ಕೆ ತೃಪ್ತರಾಗದೆ ಇಡೀ ಮನೆಗಳನ್ನೇ ಉಳಿಸಲು ಹೊರಟರು. ಕುಂಜೂರು ಚೌಕಿ ಮನೆ, ಹರ್ಕೂರು ಒಳಗಿನಮನೆ, ಮಿಯಾರು ಮನೆ, ಕುಕನೂರಿನ ಕಮಲ್ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್: ಒಂದೊಂದನ್ನೂ ಬಿಚ್ಚಿ, ಬಿಡಿಭಾಗಗಳಿಗೆ ಗುರುತು ಹಾಕಿ, ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಮತ್ತೆ ಜೋಡಿಸಿದರು. 2017ರಲ್ಲಿ ಅವರು ತೀರಿಕೊಂಡರು. ಎಲ್ಲರಿಂದಲೂ ಅಷ್ಟು ಆಗದು. ಗುರುತು ಹಾಕುವ ಆ ಶಿಸ್ತನ್ನಂತೂ ಕಲಿಯಬಹುದು.

ಇನ್ನು ಕೆಲಸದ ಮಾತು. ಗೋಡೆಯೊಳಗೆ ಹೂತಿದ್ದ ತೊಲೆಯ ತುದಿಗಳಿಗೆ ಹೆಚ್ಚಾಗಿ ಗೆದ್ದಲು ಹತ್ತಿರುತ್ತದೆ. ಅವನ್ನು ಕೊಯ್ದು ಹಾಕಬೇಕು. ನಡುಭಾಗ ಗಟ್ಟಿಯಾಗಿರುತ್ತದೆ. ಎಷ್ಟೋ ಕಾಲ ಒಣಗಿದ ಮರವಾದ್ದರಿಂದ ಹಸಿಮರದಂತೆ ಸೊಟ್ಟಗಾಗುವ ಭಯ ಕಡಿಮೆ. ಆದರೆ ಒಳಗೆ ಮುರಿದು ಕೂತ ಮೊಳೆ ಉಪಕರಣದ ಬಾಯಿ ಕೆಡಿಸುತ್ತದೆ, ಆದ್ದರಿಂದ ಮೊದಲು ಅಯಸ್ಕಾಂತ ಆಡಿಸಿ ನೋಡಬೇಕು. ಅಡುಗೆಮನೆಯ ಮಸಿ ಹಿಡಿದು ಕಪ್ಪಾದ ಹಲಸಿನ ತೊಲೆಗೆ ಕೀಸುಳಿ ಹಾಕಿದರೆ ಒಳಗಿನ ಹೊಂಬಣ್ಣ ಹೊರಬರುತ್ತದೆ. ಅದನ್ನು ಕಂಡ ಆಚಾರಿಗೂ ಒಂದು ಕ್ಷಣ ಕೈ ನಿಲ್ಲುತ್ತದೆ. ಅಂಥ ತುಂಡಿನಿಂದ ಊಟದ ಮಣೆ, ಅಳಗುಳಿ ಮಣೆ, ವ್ಯಾಸಪೀಠ, ಫೋಟೋ ಚೌಕಟ್ಟು ಮಾಡಿಸಬಹುದು. ನನ್ನ ಬೇಡಿಕೆ ಒಂದೇ: ಒಂದು ಮಗ್ಗುಲನ್ನು ಕೀಸದೆ ಬಿಡಿ. ಹಿಂದಿನವರ ಬಾಚಿಯ ಕಚ್ಚು, ಮಸಿ, ಮೊಳೆಯ ತೂತು ಅಲ್ಲಿರಲಿ. ವಾರ್ನಿಷ್ ಬೇಡ, ಅಗಸೆ ಎಣ್ಣೆ ಸಾಕು.

ಅಡಿಭಾಗದಲ್ಲಿ ಹಿತ್ತಾಳೆ ತಗಡೊಂದನ್ನು ಕೂರಿಸಿ, ಯಾವ ಊರು, ಯಾರ ಮನೆ, ಪಡಸಾಲೆಯದೋ ಕೊಟ್ಟಿಗೆಯದೋ, ಬಿಚ್ಚಿದ ವರ್ಷ ಯಾವುದು ಎಂದು ಕೆತ್ತಿಸಿ. ಬಿಚ್ಚುವ ಮೊದಲೇ ಆ ತೊಲೆಗೆ ಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಅನುಮಾನಕ್ಕೆ ಎಡೆಯಿಲ್ಲ. ಹೊರದೇಶದಲ್ಲಿರುವ ಮಕ್ಕಳಿಗೆ ಕಳಿಸುವವರಿಗೆ ಒಂದು ಎಚ್ಚರಿಕೆ: ನೂರು ವರ್ಷ ದಾಟಿದ ಕೆತ್ತನೆಯ ಬೋದಿಗೆಯಂಥದ್ದು ಪುರಾವಸ್ತುವಿನ ಲೆಕ್ಕಕ್ಕೆ ಬರುತ್ತದೆ, 1972ರ ಕಾಯ್ದೆಯಂತೆ ಅದನ್ನು ದೇಶದಾಚೆ ಒಯ್ಯುವ ಹಾಗಿಲ್ಲ. ಅದು ಇಲ್ಲೇ, ಹೊಸ ಮನೆಯ ನಡುಮನೆಯಲ್ಲೇ ಇರಲಿ.