ಹಗುರ ಕಾರಿನ ಭಾರ

ಒಂದು ಕಾರಿನ ಚಾಸಿ ಎಷ್ಟು ತೂಗಬಹುದು? ಎಂಜಿನ್, ಚಕ್ರ, ಆಸನ ಎಲ್ಲವನ್ನೂ ಹೊತ್ತು ನಿಲ್ಲುವ ಅಸ್ಥಿಪಂಜರವೇ ಚಾಸಿ. ಇಂಗ್ಲೆಂಡಿನ ಲೋಟಸ್ ಕಂಪೆನಿ 1996ರಲ್ಲಿ ತಯಾರಿಸತೊಡಗಿದ ‘ಎಲಿಸ್’ ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರಿನಲ್ಲಿ ಅದರ ತೂಕ ಸುಮಾರು 68 ಕಿಲೋಗ್ರಾಂ ಮಾತ್ರ. ಇಬ್ಬರು ಗಟ್ಟಿಮುಟ್ಟಾದ ಆಳುಗಳು ಅದನ್ನು ಎತ್ತಿ ಪಕ್ಕಕ್ಕಿಡಬಹುದು. ಇನ್ನೂ ಸೋಜಿಗದ ಸಂಗತಿ ಎಂದರೆ ಅದರ ತುಂಡುಗಳನ್ನು ಒಂದಕ್ಕೊಂದು ಬೆಸೆದಿಲ್ಲ. ಅಲ್ಯೂಮಿನಿಯಂ ಪಟ್ಟಿಗಳನ್ನು ಅಂಟು ಹಾಕಿ ಅಂಟಿಸಲಾಗಿದೆ!

ಅಂಟಿಸಿ ಮಾಡಿದ ಕಾರು ಎಂದರೆ ಯಾವ ತಂದೆಯಾದರೂ ಮಗನನ್ನು ಅದರಲ್ಲಿ ಕೂರಿಸಲು ಹಿಂದೆ ಮುಂದೆ ನೋಡಿಯಾನು. ಆದರೆ ಸುಮಾರು ಮೂರು ದಶಕಗಳ ಅನುಭವ ಹೇಳುವುದೇ ಬೇರೆ. ಎಲಿಸ್ ಮಾಲೀಕರನ್ನು ಹೆಚ್ಚಾಗಿ ಕಾಡಿದ್ದು ಅಂಟಲ್ಲ; ನೀರು, ಉಪ್ಪು, ಶಾಖ ಮತ್ತು ಸಣ್ಣಪುಟ್ಟ ಗುದ್ದುಗಳು. ಇಂಥ ಕಾರನ್ನು ಕೊಳ್ಳುವುದಕ್ಕಿಂತ ಇಟ್ಟುಕೊಳ್ಳುವುದು ಏಕೆ ಕಷ್ಟ ಎಂಬುದು ಪ್ರೌಢಶಾಲೆಯ ಭೌತ, ರಸಾಯನ ಪಾಠಗಳಿಂದಲೇ ತಿಳಿಯುವಂಥದು.

ಹಗುರತನವನ್ನು ಸೇರಿಸಿದ ಎಂಜಿನಿಯರ್

ಲೋಟಸ್ ಕಂಪೆನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ (1928–1982) ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದು ಕಾರುಗಳ ಬಗ್ಗೆ ಅಲ್ಲ, ಸೇತುವೆ, ಕಟ್ಟಡಗಳಂಥ ರಚನೆಗಳ ಬಲಾಬಲದ ಬಗ್ಗೆ. ಕೆಲಕಾಲ ಬ್ರಿಟಿಷ್ ಅಲ್ಯೂಮಿನಿಯಂ ಕಂಪೆನಿಯಲ್ಲಿ ನೌಕರಿಯನ್ನೂ ಮಾಡಿದರು. 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ತಮ್ಮ ಮೊದಲ ಕಾರನ್ನು ಕಟ್ಟಿದರು. 1952ರಲ್ಲಿ ಕಂಪೆನಿ ಹುಟ್ಟಿತು. 1957ರಲ್ಲಿ ಬಂದ ‘ಲೋಟಸ್ ಸೆವೆನ್’ ಕಾರನ್ನಂತೂ ಬಿಡಿಭಾಗಗಳಾಗಿ ಮನೆಗೆ ತಂದು ಗಿರಾಕಿಗಳೇ ಜೋಡಿಸಿಕೊಳ್ಳಬಹುದಿತ್ತು. ‘ಸರಳಗೊಳಿಸು, ಆಮೇಲೆ ಹಗುರತನವನ್ನು ಸೇರಿಸು’ ಎಂಬ ಮಾತು ಚಾಪ್‌ಮನ್ ಹೆಸರಿನಲ್ಲಿ ಪ್ರಚಲಿತವಾಗಿದೆ. ಹಗುರತನ ಸೇರಿಸುವ ವಸ್ತುವೇ ಎಂದು ವ್ಯಾಕರಣದ ಮೇಷ್ಟರು ಕೇಳಿಯಾರು. ಎಂಜಿನಿಯರಿಗೆ ಆ ಸಂದೇಹ ಬರುವುದಿಲ್ಲ.

ಎಲಿಸ್ ಹುಟ್ಟುವ ಹೊತ್ತಿಗೆ ಚಾಪ್‌ಮನ್ ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು. 1995ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಅದನ್ನು ಅನಾವರಣ ಮಾಡಲಾಯಿತು. ಆಗ ಕಂಪೆನಿಯ ಅಧ್ಯಕ್ಷರಾಗಿದ್ದ ರೊಮಾನೊ ಆರ್ತಿಯೋಲಿಯವರ ಪುಟ್ಟ ಮೊಮ್ಮಗಳು ಎಲಿಸಾಳ ಹೆಸರನ್ನೇ ಕಾರಿಗೆ ಇಟ್ಟರು. ನಾರ್ಫೋಕ್ ಪ್ರಾಂತದ ಹೆಥೆಲ್ ಎಂಬಲ್ಲಿ, ಎರಡನೆಯ ಮಹಾಯುದ್ಧ ಕಾಲದ ವಿಮಾನ ನಿಲ್ದಾಣವಾಗಿದ್ದ ಜಾಗದಲ್ಲಿ ಅದರ ಕಾರ್ಖಾನೆ.

ಮೊದಲ ಎಲಿಸ್ ಕಾರಿನ ತೂಕ ಸುಮಾರು 725 ಕಿಲೋಗ್ರಾಂ. ಎಂಜಿನ್ ರೋವರ್ ಕಂಪೆನಿಯದು; 1.8 ಲೀಟರ್, 118 ಅಶ್ವಶಕ್ತಿ. ಒಂದು ಕಾಲದಲ್ಲಿ ನಮ್ಮ ರಸ್ತೆಗಳನ್ನು ತುಂಬಿದ್ದ ಮಾರುತಿ 800 ಕಾರಿನ ತೂಕ ಸುಮಾರು 650 ಕಿಲೋ, ಶಕ್ತಿ 37 ಅಶ್ವಶಕ್ತಿ. ಅಂದರೆ ಮಾರುತಿಗಿಂತ ಒಂದು ಮೂಟೆ ಅಕ್ಕಿಯಷ್ಟು ಮಾತ್ರ ಹೆಚ್ಚು ತೂಗುವ ಕಾರಿಗೆ ಮೂರು ಪಟ್ಟಿಗೂ ಮೀರಿದ ಶಕ್ತಿ! ನ್ಯೂಟನ್ನನ ಎರಡನೆಯ ನಿಯಮ ನೆನಪಿರುವವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ನಿಂತಲ್ಲಿಂದ ಗಂಟೆಗೆ 96 ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಆರು ಸೆಕೆಂಡು ಸಾಕಾಗಿತ್ತು.

ಓಡುವುದಷ್ಟೇ ಅಲ್ಲ, ನಿಲ್ಲುವುದೂ ಸುಲಭ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 725 ಕಿಲೋ ಕಾರಿನ ಚಲನಶಕ್ತಿ ಸುಮಾರು 2 ಲಕ್ಷ 80 ಸಾವಿರ ಜೂಲ್. ಅಷ್ಟೇ ವೇಗದ 1450 ಕಿಲೋ ಕಾರಿನಲ್ಲಿ ಇದರ ಎರಡರಷ್ಟು. ನಿಲ್ಲಿಸುವಾಗ ಈ ಶಕ್ತಿಯೆಲ್ಲ ಬ್ರೇಕುಗಳಲ್ಲಿ ಶಾಖವಾಗಬೇಕು. ಶಕ್ತಿ ಕಡಿಮೆಯಾದರೆ ಚಿಕ್ಕ ಬ್ರೇಕು ಸಾಕು, ಕಿರಿದಾದ ಟೈರು ಸಾಕು, ಸ್ಟಿಯರಿಂಗ್ ತಿರುಗಿಸಲು ಯಂತ್ರದ ನೆರವೂ ಬೇಡ. ಹೀಗೆ ಹಗುರತನವೇ ಇನ್ನಷ್ಟು ಹಗುರತನವನ್ನು ತರುತ್ತದೆ. ಮೊದಲ ಎಲಿಸ್‌ಗೆ ಪವರ್ ಸ್ಟಿಯರಿಂಗ್ ಇರಲಿಲ್ಲ, ನೆಲಕ್ಕೆ ಕಾರ್ಪೆಟ್ ಇರಲಿಲ್ಲ, ಕಿಟಕಿಯ ಗಾಜನ್ನು ಕೈಯಿಂದಲೇ ತಿರುವಿ ಇಳಿಸಬೇಕಿತ್ತು.

ಚಕ್ಕುಲಿ ಒರಳು ಮತ್ತು ಅಂಟು

ಚಕ್ಕುಲಿ ಒರಳಿನಲ್ಲಿ ಹಿಟ್ಟು ತುಂಬಿ ಒತ್ತಿದಾಗ ಬಿಲ್ಲೆಯ ತೂತು ಯಾವ ಆಕಾರದ್ದೋ ಎಳೆಯೂ ಅದೇ ಆಕಾರದಲ್ಲಿ ಹೊರಬರುತ್ತದಷ್ಟೆ. ಎಲಿಸ್ ಚಾಸಿಯ ಪಟ್ಟಿಗಳೂ ಹೀಗೇ ತಯಾರಾದವು. ಬಿಸಿ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಅಚ್ಚಿನ ತೂತಿನ ಮೂಲಕ ಒತ್ತಿ ಟೊಳ್ಳಾದ ಉದ್ದನೆಯ ಪಟ್ಟಿಗಳನ್ನು ಪಡೆಯುತ್ತಾರೆ. ಅವುಗಳನ್ನು ಬೆಸೆಯಲು ಹೋದರೆ ಒಂದು ತೊಂದರೆ. ಬೆಸುಗೆಯ ಶಾಖಕ್ಕೆ ಇಂಥ ಮಿಶ್ರಲೋಹಗಳು ಆ ಜಾಗದಲ್ಲಿ ಬಲ ಕಳೆದುಕೊಳ್ಳುತ್ತವೆ. ಆ ನಷ್ಟ ತುಂಬಲು ಪಟ್ಟಿಯನ್ನು ದಪ್ಪ ಮಾಡಬೇಕು, ತೂಕ ಏರುತ್ತದೆ. ಅದಕ್ಕೇ ಅಂಟಿನ ಮೊರೆ.

ಇದು ಹೊಸ ವಿದ್ಯೆಯೇನಲ್ಲ. ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಮತ್ತು ಸಂಗಡಿಗರು 1940ರ ದಶಕದಲ್ಲೇ ‘ರೆಡಕ್ಸ್’ ಎಂಬ ಅಂಟನ್ನು ರೂಪಿಸಿದ್ದರು. ಡಿ ಹ್ಯಾವಿಲೆಂಡ್ ಕಂಪೆನಿಯ ವಿಮಾನಗಳಲ್ಲಿ ಲೋಹಕ್ಕೆ ಲೋಹವನ್ನು ಅಂಟಿಸಲು ಅದು ಬಳಕೆಯಾಯಿತು. ಎಲಿಸ್‌ನಲ್ಲಿ ಬಳಸಿದ್ದು ಎಪಾಕ್ಸಿ ಅಂಟು. ಮೊದಲು ಪಟ್ಟಿಗಳ ಮೇಲೆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಆಕ್ಸೈಡಿನ ಪದರ ಬೆಳೆಸಿ, ಅಂಟು ಹಚ್ಚಿ, ಜೋಡಿಸಿ, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಿದ್ದರು.

ಅಂಟಿಗೆ ಒಂದು ದೌರ್ಬಲ್ಯವಿದೆ. ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮೇಜಿನ ಮೇಲೆ ಅಂಟುಪಟ್ಟಿಯ ಒಂದು ತುಂಡನ್ನು ಅಂಟಿಸಿ, ಮೇಜಿಗೆ ಸಮಾನಾಂತರವಾಗಿ ಎಳೆಯಿರಿ. ಜಪ್ಪಯ್ಯ ಎಂದರೂ ಬರುವುದಿಲ್ಲ. ಅಂಚನ್ನು ಹಿಡಿದು ಮೇಲಕ್ಕೆ ಸುಲಿಯಿರಿ, ಸಲೀಸಾಗಿ ಬಂದುಬಿಡುತ್ತದೆ. ಜಾರಿಸುವ ಬಲಕ್ಕೆ ಜಗ್ಗದ ಅಂಟು ಸುಲಿಯುವ ಬಲಕ್ಕೆ ಸೋಲುತ್ತದೆ. ಅಪಘಾತದಲ್ಲಿ ಕೀಲುಗಳು ಹೀಗೆ ಸುಲಿದು ಹೋಗದಂತೆ ಮುಖ್ಯ ಜಾಗಗಳಲ್ಲಿ ತಿರುಪುಗಳನ್ನೂ ಹಾಕಿದ್ದಾರೆ.

ಇಷ್ಟು ಅಚ್ಚುಕಟ್ಟಾದ ಚಾಸಿಗೆ ಮಾಲೀಕ ತೆರಬೇಕಾದ ಬೆಲೆಯೂ ಇದೆ. ದೊಡ್ಡ ಪೆಟ್ಟು ಬಿದ್ದು ಚಾಸಿ ಸೊಟ್ಟಗಾದರೆ ಗ್ಯಾರೇಜಿನಲ್ಲಿ ಬಡಿದು, ಎಳೆದು, ಬೆಸೆದು ನೇರ ಮಾಡುವ ಮಾತೇ ಇಲ್ಲ. ಸಾಮಾನ್ಯವಾಗಿ ಇಡೀ ಚಾಸಿಯನ್ನೇ ಬದಲಿಸಬೇಕು. ಜಾಕ್ ಕೊಡುವುದಕ್ಕೂ ಗೊತ್ತುಪಡಿಸಿದ ಜಾಗಗಳೇ ಬೇಕು. ತಳದ ತೆಳು ತಗಡಿಗೆ ಕೊಟ್ಟು ಎತ್ತಿದರೆ ಕೆಟ್ಟಂತೆ. ಮೈಯ ಹೊದಿಕೆ ಗಾಜಿನ ನಾರು ಮತ್ತು ರಾಳದಿಂದಾದದ್ದು. ಮುಂಭಾಗಕ್ಕೆ ಒಂದು, ಹಿಂಭಾಗಕ್ಕೆ ಒಂದು ಎಂದು ಎರಡು ದೊಡ್ಡ ಚಿಪ್ಪುಗಳು. ಬೇರೆ ಕಾರಿನಲ್ಲಾದರೆ ಬಂಪರ್ ಬದಲಿಸಿ ಮುಗಿಸಬಹುದಾದ ಗುದ್ದು ಇಲ್ಲಿ ಇಡೀ ಚಿಪ್ಪಿಗೆ ತಗಲುತ್ತದೆ. ಗಾಜಿನ ನಾರು ತಗಡಿನಂತೆ ನೆಗ್ಗುವುದಿಲ್ಲ. ಜೇಡರಬಲೆಯಂತೆ ಬಿರುಕು ಬಿಡುತ್ತದೆ.

ಶಾಖದ ಕಾಟ

ಮೊದಲ ಎಲಿಸ್‌ಗಳ ದೊಡ್ಡ ತಲೆನೋವು ಹೆಡ್ ಗ್ಯಾಸ್ಕೆಟ್. ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ಡಿನ ನಡುವೆ ಒತ್ತಿಕೊಂಡು ಕುಳಿತು ಅನಿಲ, ನೀರು, ಎಣ್ಣೆ ಮೂರೂ ಒಂದರೊಳಗೊಂದು ಬೆರೆಯದಂತೆ ತಡೆಯುವ ತೆಳುಹಾಳೆ ಅದು. ರೋವರ್ ಕಂಪೆನಿಯ ‘ಕೆ ಸೀರೀಸ್’ ಎಂಜಿನ್ ತಾನೂ ಹಗುರತನದ ಕೂಸೇ. ಹೆಡ್, ಬ್ಲಾಕ್, ತಳಭಾಗಗಳನ್ನು ಉದ್ದನೆಯ ಬೋಲ್ಟುಗಳು ಒಟ್ಟಾಗಿ ಬಿಗಿದು ಹಿಡಿದಿರುತ್ತವೆ. ಒಳಗೆ ಹರಿಯುವ ನೀರು ಕಡಿಮೆ. ಹಾಗಾಗಿ ಬೇಗ ಬಿಸಿಯಾಗುತ್ತದೆ. ಎಲಿಸ್‌ನಲ್ಲಿ ಎಂಜಿನ್ ಇರುವುದು ಆಸನಗಳ ಹಿಂದೆ, ರೇಡಿಯೇಟರ್ ಇರುವುದು ಮೂತಿಯಲ್ಲಿ. ನಡುವೆ ಉದ್ದನೆಯ ಕೊಳವೆಗಳು. ಎಂಜಿನ್ ಕಾದು ಥರ್ಮೋಸ್ಟಾಟ್ ತೆರೆದೊಡನೆ ಕೊಳವೆಗಳಲ್ಲಿದ್ದ ತಣ್ಣೀರು ಬಿಸಿ ಎಂಜಿನ್ನಿಗೆ ನುಗ್ಗುತ್ತದೆ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಸುರಿದರೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು. ಲೋಹ ಲೋಟದಂತೆ ಒಡೆಯದು, ಆದರೆ ಭಾಗಗಳು ಒಂದೊಂದು ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿ ಗ್ಯಾಸ್ಕೆಟ್ಟನ್ನು ಸವೆಸುತ್ತವೆ.

ಇದಕ್ಕೆ ಪರಿಹಾರವಾಗಿ ಹಲವು ಪದರಗಳ ಉಕ್ಕಿನ ಗ್ಯಾಸ್ಕೆಟ್, ಪ್ಲಾಸ್ಟಿಕ್ ಗೂಟಗಳ ಬದಲು ಉಕ್ಕಿನ ಗೂಟಗಳು, ಬೇರೆಡೆ ಕೂರಿಸಿದ ಥರ್ಮೋಸ್ಟಾಟ್ ಬಂದವು. ಆದರೆ ಇವೆಲ್ಲಕ್ಕಿಂತ ಅಗ್ಗದ ಉಪಾಯ ಮಾಲೀಕನ ಕೈಯಲ್ಲೇ ಇದೆ. ಎಂಜಿನ್ ಎಣ್ಣೆ ಚೆನ್ನಾಗಿ ಕಾಯುವವರೆಗೆ ಕಾರನ್ನು ಜೋರಾಗಿ ದೌಡಾಯಿಸಬಾರದು. ನೀರಿನ ಮಟ್ಟವನ್ನು ಎಂಜಿನ್ ತಣ್ಣಗಿರುವಾಗ ಆಗಾಗ ನೋಡಬೇಕು. ಕಡಿಮೆಯಾಗಿದ್ದರೆ ಸುಮ್ಮನೆ ತುಂಬಿ ಹೋಗದೆ ಎಲ್ಲಿ ಹೋಯಿತೆಂದು ಹುಡುಕಬೇಕು. ನೀರು ಬದಲಿಸಿದಾಗ ಕೊಳವೆಗಳಲ್ಲಿ ಸಿಕ್ಕಿದ ಗಾಳಿಯನ್ನು ಪೂರ್ತಿ ಹೊರಬಿಡಬೇಕು. ಎಣ್ಣೆಯ ಮುಚ್ಚಳದ ಒಳಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೋಳೆ ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಗಾಬರಿ ಬೇಡ, ಚಳಿಯಲ್ಲಿ ಬರೀ ಹತ್ತಿರದ ಓಡಾಟ ಮಾಡಿದರೂ ಹಬೆ ತಣಿದು ಅದು ಕೂಡಿಕೊಳ್ಳುತ್ತದೆ. ನೀರೂ ಕಡಿಮೆಯಾಗುತ್ತಿದ್ದರೆ ಮಾತ್ರ ಮೆಕ್ಯಾನಿಕ್ಕಿನ ಬಳಿ ಓಡಬೇಕು. 2004ರಿಂದ ಕೆಲವು ಮಾದರಿಗಳಿಗೆ ಟೊಯೊಟಾ ಎಂಜಿನ್ ಬಂತು. 2005ರಲ್ಲಿ ರೋವರ್ ಕಂಪೆನಿ ಮುಳುಗಿತು.

ಇಂಥ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ‘ಓಡಿಸಿಯೇ ಇಲ್ಲ, ಹೊಸದರ ಹಾಗಿದೆ’ ಎಂಬ ಮಾರಾಟಗಾರನ ಹೊಗಳಿಕೆಗೆ ಮರುಳಾಗುವವರೇ ಬಹಳ. ರಬ್ಬರಿಗೆ ಮೈಲಿಯ ಲೆಕ್ಕ ಗೊತ್ತಿಲ್ಲ, ವರ್ಷದ ಲೆಕ್ಕ ಗೊತ್ತು. ಟೈರಿನ ಗೀರು ಆಳವಾಗಿದ್ದರೂ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ. ಕವಾಟಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ಕೂಡ ಹಾಗೆಯೇ. ಅದು ಕಡಿದರೆ ರೋವರ್ ಎಂಜಿನ್ನಿನಲ್ಲಿ ಪಿಸ್ಟನ್ನು ಕವಾಟಗಳಿಗೆ ಬಡಿದು ಎಂಜಿನ್ನೇ ಹಾಳು. ಗಡುಸಾದ ಟೈರಿನ ಅಪಾಯವಂತೂ ಜೀವಕ್ಕೇ ಸಂಬಂಧಿಸಿದ್ದು. ಎಲಿಸ್‌ನ ಭಾರದ ಹೆಚ್ಚು ಪಾಲು ಹಿಂದಿನ ಚಕ್ರಗಳ ಮೇಲಿದೆ. ಒದ್ದೆ ರಸ್ತೆಯ ತಿರುವಿನಲ್ಲಿ ಹೆದರಿ ಚಾಲಕ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ವಾಲಿ, ಹಿಂದಿನ ಚಕ್ರಗಳ ಹಿಡಿತ ತಪ್ಪಿ, ಕಾರು ಬುಗುರಿಯಂತೆ ತಿರುಗಬಹುದು. ಮೊದಲ ಎಲಿಸ್‌ಗಳಲ್ಲಿ ಗಾಳಿಚೀಲವಾಗಲಿ, ಜಾರುವುದನ್ನು ತಡೆಯುವ ಎಲೆಕ್ಟ್ರಾನಿಕ್ ಕಾವಲಾಗಲಿ ಇರಲಿಲ್ಲ. ಹತ್ತೊಂಬತ್ತರ ಹುಡುಗನಿಗೆ ಇದನ್ನು ಕೊಡಿಸುವ ಶ್ರೀಮಂತ ತಂದೆ ಎಂಜಿನ್ನಿನ ಶಕ್ತಿಗಿಂತ ಮೊದಲು ಟೈರಿನ ಮೇಲೆ ಅಚ್ಚಾಗಿರುವ ತಯಾರಿಕೆಯ ವಾರ, ವರ್ಷಗಳನ್ನು ಓದುವುದು ಲೇಸು.

ಅಯಸ್ಕಾಂತದ ಪರೀಕ್ಷೆ

ಎಲಿಸ್ ತಯಾರಿಕೆ 2021ರಲ್ಲಿ ನಿಂತಿತು. ಅಷ್ಟರಲ್ಲಿ 35 ಸಾವಿರಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ಅದೇ ಕಂಪೆನಿಯ ಈಚಿನ ವಿದ್ಯುತ್ ಕಾರು ‘ಎಲೆಟ್ರೆ’ಯ ತೂಕ ಸುಮಾರು ಎರಡೂವರೆ ಟನ್, ಮೂರು ಎಲಿಸ್‌ಗಳಿಗೂ ಹೆಚ್ಚು! ಚಾಪ್‌ಮನ್ ಇದ್ದಿದ್ದರೆ ಏನೆನ್ನುತ್ತಿದ್ದರೋ. ಈಗ ಎಲಿಸ್ ಬೇಕೆನ್ನುವವರು ಹಳೆಯದನ್ನೇ ಕೊಳ್ಳಬೇಕು.

ಹಳೆಯ ಕಾರು ಕೊಳ್ಳುವ ಜಾಣರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗುವುದುಂಟು. ತಗಡಿನ ಮೇಲೆ ಅದು ಅಂಟದಿದ್ದರೆ ಅಲ್ಲಿ ಮೆತ್ತಿದ ಪುಟ್ಟಿ ಇದೆ ಎಂದು ಲೆಕ್ಕ. ಎಲಿಸ್‌ನ ಮೈಗೆ ಈ ಪರೀಕ್ಷೆ ನಡೆಯದು. ಗಾಜಿನ ನಾರಿಗೂ ಅಂಟದು, ಅಲ್ಯೂಮಿನಿಯಂ ಚಾಸಿಗೂ ಅಂಟದು. ಹಾಗೆಂದು ಅಯಸ್ಕಾಂತವನ್ನು ಎಸೆಯಬೇಕಿಲ್ಲ. ಕಾರಿನಡಿ ತೂರಿ, ತಳದ ತಗಡನ್ನು ಬಿಚ್ಚಿಸಿ, ಟಾರ್ಚು ಹಿಡಿದು ನೋಡಿದರೆ ಅದು ಅಂಟುವ ಜಾಗಗಳು ಸಿಗುತ್ತವೆ: ಹಿಂಭಾಗದಲ್ಲಿ ಸತು ಲೇಪಿಸಿದ ಉಕ್ಕಿನ ಚೌಕಟ್ಟು, ಚಕ್ರಗಳನ್ನು ಹಿಡಿದಿರುವ ಉಕ್ಕಿನ ತೋಳುಗಳು, ಬೋಲ್ಟುಗಳು. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು, ಸೇರಿಕೊಂಡ ತರಗೆಲೆ, ಕೆಸರು ತಳದ ತಗಡಿನ ಮೇಲೆ ನಿಂತು ಉಕ್ಕನ್ನು ತಿನ್ನುತ್ತವೆ. ಉಕ್ಕಿಗೆ ಅಲ್ಯೂಮಿನಿಯಂ ತಾಗಿರುವ ಕಡೆ ಉಪ್ಪುನೀರು ಸೇರಿದರೆ ಪ್ರಯೋಗಶಾಲೆಯ ವಿದ್ಯುತ್ಕೋಶದಂಥದೇ ಒಂದು ಕೋಶ ಏರ್ಪಡುತ್ತದೆ; ಅಲ್ಲಿ ಕರಗುವ ಸರದಿ ಅಲ್ಯೂಮಿನಿಯಮ್ಮಿನದು, ಬಿಳಿಯ ಪುಡಿಯಾಗಿ ಉದುರುತ್ತದೆ. ವರ್ಷಕ್ಕೊಮ್ಮೆ ತಗಡು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸುವವನ ಕಾರು ಇದರಿಂದ ಬಹುಮಟ್ಟಿಗೆ ಪಾರಾಗುತ್ತದೆ. ಆ ತಗಡನ್ನು ಹಿಡಿದಿರುವ ತಿರುಪುಗಳು ಸಲೀಸಾಗಿ ಬಿಚ್ಚಿಕೊಳ್ಳುತ್ತವೆಯೋ ಅಥವಾ ತುಕ್ಕು ಹಿಡಿದು ಜಾಮ್ ಆಗಿವೆಯೋ ನೋಡಿದರೆ ಸಾಕು, ಹಿಂದಿನ ಮಾಲೀಕ ಎಂಥವನೆಂದು ಕೊಳ್ಳುವವನಿಗೆ ತಿಳಿದುಹೋಗುತ್ತದೆ.