ಕೋಳಿಗೂಡಿನ ಜ್ವರ ಮನುಷ್ಯರ ಮಹಾಮಾರಿಯಾದೀತೆ?

1997ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನಲ್ಲಿ ಮೂರು ವರ್ಷದ ಬಾಲಕನೊಬ್ಬ ಜ್ವರದಿಂದ ತೀರಿಕೊಂಡ. ಅವನ ಶ್ವಾಸನಾಳದ ದ್ರವದಲ್ಲಿ ಸಿಕ್ಕಿದ್ದು ಫ್ಲೂ ವೈರಾಣು ಎಂಬುದೇನೋ ಗೊತ್ತಾಯಿತು. ಆದರೆ ಅದು ಯಾವ ಬಗೆಯದು ಎಂಬುದು ಅಲ್ಲಿನ ಪ್ರಯೋಗಾಲಯಕ್ಕೆ ಬಗೆಹರಿಯಲಿಲ್ಲ. ಮಾದರಿಗಳನ್ನು ಅಮೆರಿಕಕ್ಕೂ ನೆದರ್ಲೆಂಡ್ಸ್‌ಗೂ ಕಳುಹಿಸಲಾಯಿತು. ಆಗಸ್ಟ್‌ನಲ್ಲಿ ಬಂದ ಉತ್ತರ ತಜ್ಞರನ್ನು ಬೆಚ್ಚಿಬೀಳಿಸಿತು. ಅದು ಎಚ್5ಎನ್1, ಅಲ್ಲಿಯವರೆಗೆ ಹಕ್ಕಿಗಳಲ್ಲಷ್ಟೇ ಕಂಡಿದ್ದ ವೈರಾಣು. ಅದೇ ವರ್ಷ ಹಾಂಗ್‌ಕಾಂಗಿನ ಕೆಲವು ಫಾರಂಗಳಲ್ಲಿ ಸಾವಿರಾರು ಕೋಳಿಗಳು ಸತ್ತಿದ್ದಕ್ಕೂ ಅದೇ ಕಾರಣವಾಗಿತ್ತು.

ನವೆಂಬರ್, ಡಿಸೆಂಬರ್‌ನಲ್ಲಿ ಮತ್ತೆ 17 ಮಂದಿ ಹಾಸಿಗೆ ಹಿಡಿದರು. ಒಟ್ಟು 18 ರೋಗಿಗಳಲ್ಲಿ ಆರು ಮಂದಿ ಸತ್ತರು. ಜೀವಂತ ಕೋಳಿಯನ್ನು ಆರಿಸಿ, ಕಣ್ಣೆದುರೇ ಕೊಯ್ಯಿಸಿಕೊಂಡು ಹೋಗುವುದು ಅಲ್ಲಿನವರ ರೂಢಿ. ಆ ಮಾರುಕಟ್ಟೆಗಳ ಕಡೆಗೇ ತನಿಖೆ ಬೊಟ್ಟುಮಾಡಿತು. ಚೀನೀ ಹೊಸ ವರ್ಷಕ್ಕೆ ಒಂದೇ ತಿಂಗಳು ಉಳಿದಿತ್ತು. ಕೋಳಿಯಿಲ್ಲದೆ ಆ ಹಬ್ಬದೂಟವೇ ಇಲ್ಲ. ಹಾಗಿದ್ದರೂ ಸರ್ಕಾರ ಹಿಂಜರಿಯಲಿಲ್ಲ. ಡಿಸೆಂಬರ್ 29ರಿಂದ ಕೆಲವೇ ದಿನಗಳಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಲಾಯಿತು. ಆನಂತರ ಅಲ್ಲಿ ಮನುಷ್ಯರಿಗೆ ಆ ಸೋಂಕು ತಗಲುವುದು ನಿಂತಿತು. ಆಗ ಆರೋಗ್ಯ ಇಲಾಖೆಯ ಮುಖ್ಯಸ್ಥೆಯಾಗಿದ್ದ ಮಾರ್ಗರೆಟ್ ಚಾನ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕಿಯಾದರು.

ಬೀಗ ಮತ್ತು ಕೀಲಿಕೈ

ಕೆಲವೇ ಮಂದಿಯ ಕಾಯಿಲೆಗೆ ಇಷ್ಟೊಂದು ಗಾಬರಿ ಏಕೆ? ಉತ್ತರ ವೈರಾಣುವಿನ ರಚನೆಯಲ್ಲಿದೆ. ಫ್ಲೂ ವೈರಾಣುಗಳ ತವರು ಬಾತು ಮೊದಲಾದ ಕಾಡು ನೀರುಹಕ್ಕಿಗಳ ಕರುಳು. ವೈರಾಣುವಿನ ಮೈಮೇಲೆ ಎರಡು ಬಗೆಯ ಮುಳ್ಳುಗಳಿವೆ. 'ಎಚ್' ಎಂಬುದು ಜೀವಕೋಶದ ಬಾಗಿಲು ತೆಗೆಯುವ ಕೀಲಿಕೈ. 'ಎನ್' ಎಂಬುದು ಹುಟ್ಟಿದ ಮರಿ ವೈರಾಣುಗಳನ್ನು ಕೋಶದಿಂದ ಬಿಡಿಸುವ ಕತ್ತರಿ. ಹೆಸರಿನಲ್ಲಿರುವ ಅಂಕಿಗಳು ಇವುಗಳ ಬಗೆಯನ್ನು ಸೂಚಿಸುತ್ತವೆ.

ಹಕ್ಕಿಯ ಕೋಶದ ಬೀಗವೇ ಬೇರೆ, ಮನುಷ್ಯನ ಮೂಗು ಗಂಟಲಿನ ಬೀಗವೇ ಬೇರೆ. ಹಕ್ಕಿಯದನ್ನು ಹೋಲುವ ಬೀಗ ಮನುಷ್ಯನಲ್ಲಿ ಹೆಚ್ಚಾಗಿ ಇರುವುದು ಶ್ವಾಸಕೋಶದ ಆಳದಲ್ಲಿ. ಆದ್ದರಿಂದ ಎಚ್5ಎನ್1 ಸುಲಭವಾಗಿ ಅಂಟುವುದಿಲ್ಲ; ಅಂಟಿ ಆಳಕ್ಕೆ ಇಳಿದರೆ ನ್ಯುಮೋನಿಯಾ ತರುತ್ತದೆ. ಗಂಟಲಿನಲ್ಲಿ ನೆಲೆಯೂರದ ಕಾರಣ ಕೆಮ್ಮು, ಸೀನುಗಳಿಂದ ಒಬ್ಬರಿಂದೊಬ್ಬರಿಗೆ ಸಲೀಸಾಗಿ ಹರಡುವುದೂ ಇಲ್ಲ. ಮನುಕುಲಕ್ಕೆ ಇಂದು ಇರುವ ರಕ್ಷಣೆ ಮುಖ್ಯವಾಗಿ ಇದೇ.

ಈ ರಕ್ಷಣೆ ಶಾಶ್ವತವಲ್ಲ. ಫ್ಲೂ ವೈರಾಣು ತನ್ನ ನಕಲು ತೆಗೆಯುವಾಗ ಪದೇ ಪದೇ ತಪ್ಪುತ್ತದೆ. ಅಂಥ ತಪ್ಪುಗಳಿಂದಲೇ ಕೀಲಿಕೈ ಬದಲಾಗಬಹುದು. ಇನ್ನೊಂದು ದಾರಿಯೂ ಇದೆ. ಅದರ ವಂಶವಾಹಿ ಎಂಟು ತುಂಡುಗಳಲ್ಲಿದೆ. ಹಕ್ಕಿಯ ಫ್ಲೂ, ಮನುಷ್ಯರ ಫ್ಲೂ ಎರಡೂ ಒಂದೇ ದೇಹ ಹೊಕ್ಕರೆ ಇಸ್ಪೀಟು ಕಲೆಸಿದಂತೆ ತುಂಡುಗಳು ಬೆರೆತು ಹೊಸ ವೈರಾಣು ಹುಟ್ಟಬಹುದು. 1957 ಮತ್ತು 1968ರ ಜಾಗತಿಕ ಫ್ಲೂಗಳು ಹುಟ್ಟಿದ್ದು ಹೀಗೆ ಹಕ್ಕಿಯ ವಂಶವಾಹಿ ಬೆರೆತಾಗಲೇ. 1918ರ ಮಹಾಮಾರಿಯ ವೈರಾಣುವಿಗೂ ಹಕ್ಕಿಗಳ ನಂಟಿತ್ತು ಎನ್ನುತ್ತಾರೆ ವಿಜ್ಞಾನಿಗಳು. ಅದು ಭಾರತವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು.

ಹಕ್ಕಿಯಿಂದ ಹಸುವಿಗೆ

2003ರಿಂದ ಈಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಮಂದಿಗೆ ಎಚ್5ಎನ್1 ತಗಲಿದ್ದು ದೃಢಪಟ್ಟಿದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸತ್ತಿದ್ದಾರೆ. ಲಘುವಾಗಿ ಬಂದು ಹೋದ ಸೋಂಕು ಲೆಕ್ಕಕ್ಕೆ ಸಿಗದಿರುವುದರಿಂದ ನಿಜವಾದ ಪ್ರಮಾಣ ಇದಕ್ಕಿಂತ ಕಡಿಮೆ ಇದ್ದೀತು. 2004ರಲ್ಲಿ ಥಾಯ್ಲೆಂಡಿನಲ್ಲಿ ಕಾಯಿಲೆ ಬಿದ್ದ ಮಗಳ ಆರೈಕೆ ಮಾಡಿದ ತಾಯಿಯೂ ಸತ್ತಾಗ ತಜ್ಞರು ಆತಂಕಗೊಂಡರು. ಅದೃಷ್ಟವಶಾತ್ ಆ ಸರಪಳಿ ಮುಂದುವರಿಯಲಿಲ್ಲ. 2024ರಲ್ಲಿ ಅಮೆರಿಕದ ಹೈನುರಾಸುಗಳಲ್ಲೂ ಅವುಗಳ ಹಾಲಿನಲ್ಲೂ ಇದೇ ವೈರಾಣು ಪತ್ತೆಯಾಯಿತು. ಸೋಂಕು ತಗಲಿದ ಅಲ್ಲಿನ ಕಾರ್ಮಿಕರಲ್ಲಿ ಬಹುತೇಕರಿಗೆ ಕಣ್ಣು ಕೆಂಪಾಗುವಂಥ ಸಣ್ಣ ತೊಂದರೆಯಷ್ಟೇ ಆಯಿತು. ಆದರೆ ಸಸ್ತನಿಗಳ ದೇಹದಲ್ಲಿ ಪಳಗಲು ವೈರಾಣುವಿಗೆ ಸಿಗುವ ಒಂದೊಂದು ಅವಕಾಶವೂ ಅಪಾಯವನ್ನು ಹತ್ತಿರ ತರುತ್ತದೆ.

ಭಾರತಕ್ಕೂ ಇದು ಹೊಸದಲ್ಲ. 2006ರಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಲ್ಲಿ ಹಕ್ಕಿಜ್ವರ ಮೊದಲು ಕಾಣಿಸಿಕೊಂಡಿತು. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸತ್ತವು. 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ರೋಗ ತಲೆಯೆತ್ತಿತು. 2021ರಲ್ಲಿ ಹರಿಯಾಣದ ಬಾಲಕನೊಬ್ಬ ಇದಕ್ಕೆ ಬಲಿಯಾದದ್ದು ದೇಶದ ಮೊದಲ ಸಾವು.

ಹಾಗಾದರೆ ಕೋಳಿ ತಿನ್ನುವುದನ್ನೇ ಬಿಡಬೇಕೆ? ಬೇಕಿಲ್ಲ. 70 ಡಿಗ್ರಿ ಸೆಲ್ಸಿಯಸ್ ಶಾಖ ಒಳಗೂ ತಾಗುವಂತೆ ಬೇಯಿಸಿದರೆ ವೈರಾಣು ಉಳಿಯುವುದಿಲ್ಲ. ಕುದಿಯುವ ಕೋಳಿಸಾರಿನಲ್ಲಿ ಅದಕ್ಕೆ ಜಾಗವಿಲ್ಲ. ಅಪಾಯವಿರುವುದು ಕಾಯಿಲೆ ಬಿದ್ದ ಕೋಳಿಯನ್ನು ಕೊಯ್ದು ಪುಕ್ಕ ತರಿಯುವಾಗ, ಅದರ ಹಿಕ್ಕೆ ಬಳಿಯುವಾಗ.

ಮಹಾಮಾರಿಯನ್ನು ತಡೆಯುವ ಕೆಲಸ ಶುರುವಾಗುವುದೂ ಅಲ್ಲಿಂದಲೇ. ಹಿತ್ತಲಿನಲ್ಲಿ ನಾಲ್ಕು ಕೋಳಿ ಒಟ್ಟಿಗೆ ಸತ್ತರೆ ಪಶುವೈದ್ಯರಿಗೆ ಸುದ್ದಿ ಮುಟ್ಟಬೇಕು. ಆದರೆ ಸುದ್ದಿ ಕೊಟ್ಟರೆ ಬದುಕಿರುವ ಕೋಳಿಗಳನ್ನೂ ಕೊಲ್ಲುತ್ತಾರೆ ಎಂಬುದು ಸಾಕಿದವರಿಗೆ ಗೊತ್ತು. ತಕ್ಕ ಪರಿಹಾರ ಬೇಗ ಕೈಸೇರದಿದ್ದರೆ ಅವರು ಸತ್ತವನ್ನು ಹೂತು, ಉಳಿದವನ್ನು ರಾತ್ರೋರಾತ್ರಿ ಸಂತೆಗೆ ಸಾಗಿಸುವುದು ಸಹಜ. ರೋಗ ಊರೂರು ಸುತ್ತುವುದು ಹಾಗೆಯೇ. ಲಸಿಕೆ, ಔಷಧಗಳ ದಾಸ್ತಾನಿನಷ್ಟೇ ಮುಖ್ಯವಾದದ್ದು, ನಿಜ ಹೇಳಿದ ಸಾಕಣೆದಾರನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು.